ಹಾಲಿನ ಸಂಘಗಳ ಲೆಕ್ಕಕ್ಕೆ ಎರಡನೇ ರೀಜನ್ ಬೇಕಾ? ಅನುಭವ ಇದ್ದವರು ಹೇಳಿ

ಹಾಲಿನ_ಲೆಕ್ಕ
ಎಲ್ಲರಿಗೂ ನಮಸ್ಕಾರ. ಹಳ್ಳಿಗಳ ಹಾಲು ಉತ್ಪಾದಕರ ಸಂಘಗಳಿಗೆ ಸಾಫ್ಟ್‌ವೇರ್ ಮಾಡುವ ಸಣ್ಣ ತಂಡ ನಮ್ಮದು. ಹುಬ್ಬಳ್ಳಿಯಲ್ಲಿದ್ದೇವೆ. ಬೆಳಗ್ಗೆ, ಸಂಜೆ ರೈತರು ಡೇರಿಗೆ ಹಾಲು ತರುತ್ತಾರೆ. ತೂಕ, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಅಳತೆ ಆಗುತ್ತದೆ, ಚೀಟಿ ಪ್ರಿಂಟ್ ಆಗುತ್ತದೆ, ಆ ದಾಖಲೆ ಕ್ಲೌಡ್‌ಗೆ ಬರುತ್ತದೆ. ಬಟವಾಡೆ ನಡೆಯುವುದು ಈ ದಾಖಲೆಯ ಮೇಲೆ.

ಈಗ ಎಲ್ಲವೂ ಒಂದು ದೊಡ್ಡ ಕ್ಲೌಡ್ ಕಂಪನಿಯ ಮುಂಬೈ ರೀಜನ್‌ನಲ್ಲಿದೆ, ಅಂದರೆ ಆ ಊರಿನ ಅವರ ಡೇಟಾಸೆಂಟರ್‌ಗಳ ಗುಂಪಿನಲ್ಲಿ. ಪೋಸ್ಟ್‌ಗ್ರೆಸ್ ಡೇಟಾಬೇಸ್, ಇನ್ನೊಂದು ಝೋನ್‌ನಲ್ಲಿ (ಅದೇ ರೀಜನ್‌ನ ಪ್ರತ್ಯೇಕ ಭಾಗ) ಅದರ ರೆಪ್ಲಿಕಾ, ಅಂದರೆ ತಾನಾಗಿ ಅಪ್‌ಡೇಟ್ ಆಗುವ ನಕಲು. ಚೀಟಿಗಳು, ವರದಿಗಳು ಆಬ್ಜೆಕ್ಟ್ ಸ್ಟೋರೇಜ್‌ನಲ್ಲಿ (ಕ್ಲೌಡ್‌ನಲ್ಲಿ ಫೈಲ್ ಇಡುವ ಜಾಗ). ಇತ್ತೀಚೆಗೆ ಒಂದು ಬೆಳಗ್ಗೆ ಹಾಲು ಹಾಕುವ ಹೊತ್ತಿಗೇ ಒಂದು ಝೋನ್ ಸಂಪರ್ಕಕ್ಕೆ ಸಿಗಲಿಲ್ಲ. ಸಂಘಗಳಿಂದ ಫೋನ್ ಮೇಲೆ ಫೋನ್.

ಅವತ್ತಿನಿಂದ ನಮ್ಮ ಪಾಲುದಾರರು "ಎರಡು ರೀಜನ್ ಇಡೋಣ, ಎರಡೂ ಕಡೆ ಒಟ್ಟಿಗೆ ಬರೆಯೋ ಹಾಗೆ ಮಾಡೋಣ" ಎಂದು ಪಟ್ಟು ಹಿಡಿದಿದ್ದಾರೆ. ನನಗೆ ಧೈರ್ಯ ಬರುತ್ತಿಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಬೈಟು_ಕಾಫಿ
ಎರಡೂ ಕಡೆ ಬರೆಯೋದು ಬೇಡ. ಸಣ್ಣ ತಂಡದ ಕೈಲಿ ಆಗೋ ಕೆಲಸ ಅಲ್ಲ.

ರಾತ್ರಿ_ಪಾಳಿ
ಮೇಲಿನವರ ಮಾತಿಗೆ ನನ್ನದೂ ಒಪ್ಪಿಗೆ. ಕಾರಣ ಹೇಳುತ್ತೇನೆ.

2018ರ ಅಕ್ಟೋಬರ್ 21ರಂದು ಪ್ರೋಗ್ರಾಮರ್‌ಗಳು ಕೋಡ್ ಇಡುವ ತಾಣ ಗಿಟ್‌ಹಬ್‌ಗೆ ಏನಾಯಿತು ನೋಡಿ. ಅಮೆರಿಕದ ಪೂರ್ವ ಕರಾವಳಿಯ ಅವರ ಡೇಟಾಸೆಂಟರ್‌ಗೂ ನೆಟ್‌ವರ್ಕ್ ಕೇಂದ್ರಕ್ಕೂ ನಡುವಿನ ಸಂಪರ್ಕ ತಪ್ಪಿದ್ದು ಬರೀ 43 ಸೆಕೆಂಡು. ಅಷ್ಟರಲ್ಲೇ ಫೇಲ್‌ಓವರ್ ವ್ಯವಸ್ಥೆ (ಒಂದು ಸೋತರೆ ಇನ್ನೊಂದಕ್ಕೆ ಬದಲಿಸುವಂಥದ್ದು) ತಾನಾಗಿ ಪಶ್ಚಿಮ ಕರಾವಳಿಯ ಡೇಟಾಬೇಸನ್ನು ಮುಖ್ಯ ಡೇಟಾಬೇಸ್ ಮಾಡಿಬಿಟ್ಟಿತು. ಪೂರ್ವದಲ್ಲಿ ಕೊನೆಯ ಕೆಲವು ಸೆಕೆಂಡು ಬರೆದದ್ದು ಪಶ್ಚಿಮಕ್ಕೆ ತಲುಪಿರಲಿಲ್ಲ. ಪಶ್ಚಿಮದಲ್ಲಿ ಹೊಸದಾಗಿ ಬರೆದದ್ದು ಪೂರ್ವದಲ್ಲಿ ಇರಲಿಲ್ಲ. ಎರಡು ಕಡೆ ಎರಡು ಲೆಕ್ಕ. ಸರಿ ಹೋಗಲು 24 ಗಂಟೆ 11 ನಿಮಿಷ ಬೇಕಾಯಿತು.

ಅವರ ಹತ್ತಿರ ಒಳ್ಳೆಯ ಡೇಟಾಬೇಸ್ ಎಂಜಿನಿಯರ್‌ಗಳು ಇದ್ದರು, ಅಭ್ಯಾಸವೂ ಇತ್ತು. ಆದರೂ ಒಂದು ದಿನ ಹಿಡಿಯಿತು. ನಿಮ್ಮಲ್ಲಿ ರಾತ್ರಿ ಮೂರಕ್ಕೆ ಫೋನ್ ಎತ್ತುವವರು ಎಷ್ಟು ಜನ ಇದ್ದಾರೆ? ಆ ಪ್ರಶ್ನೆಯಿಂದ ಶುರು ಮಾಡಿ.

ತುಂಗಾತೀರ
ಸ್ವಲ್ಪ ನಿಲ್ಲಿ. ಎಲ್ಲರೂ "ಬೇಡ ಬೇಡ" ಅಂದರೆ ಹೇಗೆ? ಇದು ರೈತರ ದುಡ್ಡು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಡೇಟಾಸೆಂಟರ್ ಕಟ್ಟಡವೇ ಸುಟ್ಟುಹೋಯಿತು. ಬ್ಯಾಕಪ್ ಕೂಡ ಅದೇ ಜಾಗದಲ್ಲಿ ಇಟ್ಟಿದ್ದವರಿಗೆ ಏನೂ ಉಳಿಯಲಿಲ್ಲ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರಿ ಡೇಟಾಸೆಂಟರ್‌ಗೆ ಬ್ಯಾಟರಿಯಿಂದ ಬೆಂಕಿ ಬಿತ್ತು. ಸರ್ಕಾರಿ ನೌಕರರು ಕಡತ ಇಡುತ್ತಿದ್ದ ಜಿ-ಡ್ರೈವ್‌ನ 858 ಟೆರಾಬೈಟ್ ಹೋಯಿತು. ಬೇರೆ ಕಡೆ ನಕಲೇ ಇರಲಿಲ್ಲ. ಅದೂ ಕೊರಿಯಾದಂಥ ದೇಶದಲ್ಲಿ!

ಒಂದೇ ಊರಲ್ಲಿ ಎಲ್ಲ ಇಡಿ ಅಂತ ಸಲಹೆ ಕೊಡುವುದು ನನಗೆ ಸರಿ ಕಾಣುವುದಿಲ್ಲ.

ರಾತ್ರಿ_ಪಾಳಿ
ತುಂಗಾತೀರ ಅವರೇ, ಒಂದೇ ಊರಲ್ಲಿ ಇಡಿ ಎಂದು ನಾನು ಹೇಳಲೇ ಇಲ್ಲ. ಬೇರೆ ಊರಿನಲ್ಲಿ ನಕಲು ಇಡುವುದು ಒಂದು ಕೆಲಸ. ಎರಡೂ ಊರಿನಲ್ಲಿ ಒಟ್ಟಿಗೆ ಬರೆಯುವುದು ಪೂರ್ತಿ ಬೇರೆ ಕೆಲಸ. ಮೊದಲನೆಯದು ಕಡ್ಡಾಯ. ನಾನು ಬೇಡ ಅನ್ನುತ್ತಿರುವುದು ಎರಡನೆಯದನ್ನು.

ತುಂಗಾತೀರ
ಹಾಗಾದರೆ ಸರಿ. ಆದರೂ ಬರೀ ನಕಲು ಸಾಲದು ಅನ್ನುವುದು ನನ್ನ ವಾದ. ಮುಂಬೈ ಪೂರ್ತಿ ಹೋದ ದಿನ ಎಷ್ಟು ಗಂಟೆಯಲ್ಲಿ ಎದ್ದು ನಿಲ್ಲುತ್ತೀರಿ?

ಗಣಕ_ಮೇಷ್ಟ್ರು
ಮೂಲಕ್ಕೆ ಹೋಗೋಣ. 2000ದಲ್ಲಿ ಎರಿಕ್ ಬ್ರೂವರ್ ಎಂಬ ಕಂಪ್ಯೂಟರ್ ವಿಜ್ಞಾನಿ ಒಂದು ಮಾತು ಮುಂದಿಟ್ಟರು. 2002ರಲ್ಲಿ ಗಿಲ್ಬರ್ಟ್ ಮತ್ತು ಲಿಂಚ್ ಅದನ್ನು ಸಾಧಿಸಿ ತೋರಿಸಿದರು. ಎರಡು ಜಾಗಗಳ ನಡುವೆ ಸಂಪರ್ಕ ಕಡಿದಾಗ ಎರಡರಲ್ಲಿ ಒಂದನ್ನು ಬಿಡಲೇಬೇಕು. ಒಂದೋ ಒಂದು ಕಡೆ "ಈಗ ಬರೆಯಲು ಆಗದು" ಅನ್ನಬೇಕು. ಇಲ್ಲವೋ ಎರಡೂ ಕಡೆ ಬರೆದುಕೊಂಡು, ಲೆಕ್ಕ ಬೇರೆ ಬೇರೆ ಆಗುವುದನ್ನು ಒಪ್ಪಿಕೊಳ್ಳಬೇಕು. ಯಾವ ಕಂಪನಿ ಎಷ್ಟು ದುಡ್ಡು ತೆಗೆದುಕೊಂಡರೂ ಇದರಿಂದ ಬಿಡಿಸಿಕೊಡಲು ಸಾಧ್ಯವಿಲ್ಲ.

ಸಂಪರ್ಕ ಚೆನ್ನಾಗಿದ್ದಾಗಲೂ ದೂರಕ್ಕೆ ಬೆಲೆ ಇದೆ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತದೆ. ಎರಡನೇ ರೀಜನ್ ಹೈದರಾಬಾದ್ ಅಂದುಕೊಳ್ಳಿ, ಮುಂಬೈನಿಂದ ನೇರವಾಗಿ ಅಳೆದರೂ 600 ಕಿ.ಮೀ. ದಾಟುತ್ತದೆ. ಹೋಗಿ ಬರಲು ಕನಿಷ್ಠ 6 ಮಿಲಿಸೆಕೆಂಡು. ಕೇಬಲ್ ನೇರವಾಗಿ ಹೋಗುವುದಿಲ್ಲ, ಹಾಗಾಗಿ ನಿಜದಲ್ಲಿ ಇನ್ನೂ ಜಾಸ್ತಿ. ಪ್ರತಿ ದಾಖಲೆಗೂ ಎರಡೂ ಕಡೆಯ ಒಪ್ಪಿಗೆ ಬೇಕು ಅಂದರೆ ಪ್ರತಿ ಸಲ ಅಷ್ಟು ಹೊತ್ತು ಕಾಯಬೇಕು. ಒಂದು ವಹಿವಾಟಿನಲ್ಲಿ ಹತ್ತು ಸಲ ಆ ಕಡೆ ಹೋಗಿ ಬಂದರೆ ಹತ್ತು ಪಟ್ಟು.

ಕೋಲಾರದ_ಕೋಡರ್
ಹಾಲಿನ ಚೀಟಿಗೆ 6 ಮಿಲಿಸೆಕೆಂಡು ಏನು ದೊಡ್ಡದು ಮೇಷ್ಟ್ರೇ? ರೈತರಿಗೆ ಗೊತ್ತೂ ಆಗಲ್ಲ.

ಗಣಕ_ಮೇಷ್ಟ್ರು
ಒಂದು ಚೀಟಿಗೆ ದೊಡ್ಡದಲ್ಲ, ಒಪ್ಪುತ್ತೇನೆ. ಆದರೆ ಒಂದೇ ಸಾಲಿಗೆ ಬೀಗ ಹಾಕಿ ಬರೆಯುವ ಕಡೆ ಹಿಂದಿನವರೆಲ್ಲ ಕಾಯುತ್ತಾರೆ. ಇನ್ನೊಂದು ಲೆಕ್ಕ ನೋಡಿ. ಒಂದು ಸರ್ವರ್ 100ಕ್ಕೆ ಒಂದು ಸಲ ಮಾತ್ರ ನಿಧಾನ ಮಾಡುತ್ತದೆ ಅಂದುಕೊಳ್ಳಿ. ಒಂದು ವರದಿಗೆ ಅಂಥ 100 ಸರ್ವರ್‌ಗಳ ಉತ್ತರ ಬೇಕಿದ್ದರೆ, ಶೇ 63ರಷ್ಟು ವರದಿಗಳು ನಿಧಾನ ಆಗುತ್ತವೆ. ಹಂಚಿ ಹಾಕಿದಷ್ಟೂ ನಿಧಾನದವನ ಕೈಗೆ ಸಿಕ್ಕಿಕೊಳ್ಳುವ ಸಾಧ್ಯತೆ ಜಾಸ್ತಿ.

ಸಂಘದ_ಹಳಬ
ನಾನು ಸಾಫ್ಟ್‌ವೇರ್‌ನವನಲ್ಲ. ಹಾಲಿನ ಸಂಘದಲ್ಲಿ ಕಾರ್ಯದರ್ಶಿಯಾಗಿ ಕೆಲಸ ಮಾಡಿದವನು. ಮಗಳು ಈ ಚರ್ಚೆ ತೋರಿಸಿದಳು, ಹಾಗಾಗಿ ಬರೆಯುತ್ತಿದ್ದೇನೆ.

ಬೆಳಗಿನ ಹೊತ್ತು ಕ್ಯಾನ್ ಹಿಡಿದು ನಿಂತ ಜನರನ್ನು ಕಾಯಿಸಲು ಆಗುವುದಿಲ್ಲ. ಹಾಲು ಬೇಗ ಶೀತಲ ಘಟಕಕ್ಕೆ ಹೋಗಬೇಕು. ತಡವಾದರೆ ಒಡೆಯುತ್ತದೆ. ಹೆಂಗಸರು ಮನೆಗೆ ಹೋಗಿ ಮಕ್ಕಳನ್ನು ಶಾಲೆಗೆ ಕಳಿಸಬೇಕು. ನಮ್ಮೂರಲ್ಲಿ ಮಳೆ ಬಂದರೆ ನೆಟ್‌ವರ್ಕ್ ಹೋಗುತ್ತಿತ್ತು, ಕರೆಂಟೂ ಹೋಗುತ್ತಿತ್ತು. ಮುಂಬೈ ಇರಲಿ, ಹೈದರಾಬಾದ್ ಇರಲಿ, ನಮಗೆ ಎರಡೂ ಸಿಗುತ್ತಿರಲಿಲ್ಲ. ನೆಟ್ ಇಲ್ಲದೆಯೂ ಚೀಟಿ ಬರಬೇಕು. ಅದು ಮೊದಲು. ಪಾಸ್‌ಪುಸ್ತಕದಲ್ಲಿ ಬರೆದದ್ದೂ ಮಷಿನ್‌ನಲ್ಲಿ ಬಂದದ್ದೂ ಒಂದೇ ಆಗಿರಬೇಕು. ಅದು ಎರಡನೆಯದು.

ಬೈಟು_ಕಾಫಿ
ಈ ಚರ್ಚೆಯಲ್ಲಿ ಬಂದ ಅತಿ ಒಳ್ಳೆಯ ಉತ್ತರ ಇದು. ಧನ್ಯವಾದ ಯಜಮಾನ್ರೇ.

ಹಾಲಿನ_ಲೆಕ್ಕ
ನಮಸ್ಕಾರ ಸರ್, ಬಹಳ ಉಪಕಾರ ಆಯಿತು. ಈಗ ಮಷಿನ್ ಜತೆಗಿರುವ ಸಣ್ಣ ಕಂಪ್ಯೂಟರ್‌ನಲ್ಲಿ ದಾಖಲೆ ಉಳಿಯುತ್ತದೆ, ನೆಟ್ ಬಂದಾಗ ಮೇಲೆ ಹೋಗುತ್ತದೆ. ಆದರೆ ದರದ ಪಟ್ಟಿ ಕ್ಲೌಡ್‌ನಿಂದ ಬರಬೇಕು. ಅವತ್ತು ಚೀಟಿ ನಿಂತದ್ದು ಅದಕ್ಕೇ. ಇನ್ನೊಂದು ದೂರು ಕೂಡ ಇದೆ. ಕೆಲವು ಕಡೆ ಒಂದೇ ಹಾಲು ಎರಡು ಸಲ ದಾಖಲಾಗಿದೆ.

ಸಿಯಾಟಲ್_ಕನ್ನಡತಿ
ನಿಮ್ಮ ನಿಜವಾದ ಸಮಸ್ಯೆ ಇಲ್ಲಿದೆ. ನಿಮ್ಮ ವ್ಯವಸ್ಥೆ ಆಗಲೇ ಹಂಚಿಹೋಗಿದೆ. ಪ್ರತಿ ಹಳ್ಳಿಯ ಮಷಿನ್ ಒಂದೊಂದು ನೋಡ್, ಅಂದರೆ ಜಾಲದ ಒಂದು ಕೊಂಡಿ. ಮುಂಬೈನಲ್ಲಿರುವುದು ಇನ್ನೊಂದು ನೋಡ್, ಅಷ್ಟೇ. ಎರಡನೇ ರೀಜನ್ ತಂದರೂ ಈ ದೂರು ಹೋಗುವುದಿಲ್ಲ.

ಎರಡು ಸಲ ಯಾಕೆ ಬರುತ್ತದೆ? ಮಷಿನ್ ದಾಖಲೆ ಕಳಿಸಿತು. ಸರ್ವರ್ ಬರೆದುಕೊಂಡಿತು. "ಸಿಕ್ಕಿತು" ಅನ್ನುವ ಉತ್ತರ ದಾರಿಯಲ್ಲಿ ಹೋಯಿತು. ಮಷಿನ್‌ಗೆ ಗೊತ್ತಿಲ್ಲ, ಮತ್ತೆ ಕಳಿಸಿತು. ಇದು ಎಂದೆಂದಿಗೂ ನಡೆಯುವುದೇ. ತಪ್ಪಿಸಲು ಆಗದು, ಆದರೆ ನಷ್ಟ ಆಗದ ಹಾಗೆ ಮಾಡಬಹುದು. ಪ್ರತಿ ದಾಖಲೆಗೆ ಮಷಿನ್‌ನಲ್ಲೇ ಒಂದು ಗುರುತು ಕೊಡಿ. ಸಂಘದ ಸಂಖ್ಯೆ, ಮಷಿನ್ ಸಂಖ್ಯೆ, ಆ ಮಷಿನ್‌ನ ಏರುವ ಕ್ರಮಸಂಖ್ಯೆ ಸೇರಿಸಿದರೆ ಸಾಕು. ಪೋಸ್ಟ್‌ಗ್ರೆಸ್‌ನಲ್ಲಿ ಆ ಗುರುತಿನ ಮೇಲೆ ಯೂನಿಕ್ ನಿರ್ಬಂಧ (ಒಂದೇ ಗುರುತು ಎರಡು ಸಲ ಬರದಂತೆ ತಡೆ) ಹಾಕಿ. ಅದೇ ದಾಖಲೆ ನೂರು ಸಲ ಬಂದರೂ ಒಂದೇ ಸಲ ಉಳಿಯುತ್ತದೆ. ಗುರುತನ್ನು ಸರ್ವರ್‌ನಲ್ಲಿ ಕೊಟ್ಟರೆ ಪ್ರಯೋಜನವಿಲ್ಲ, ಎರಡನೇ ಸಲ ಬಂದದ್ದಕ್ಕೆ ಹೊಸ ಗುರುತು ಹುಟ್ಟುತ್ತದೆ.

ಇನ್ನೊಂದು. ತಾಲ್ಲೂಕಿಗೆ ಕರೆಂಟ್ ವಾಪಸ್ ಬಂದ ಕೂಡಲೇ ಎಲ್ಲ ಮಷಿನ್‌ಗಳೂ ಒಟ್ಟಿಗೆ ನುಗ್ಗುತ್ತವೆ. ಸರ್ವರ್ ತಡಮಾಡಿದರೆ ಎಲ್ಲವೂ ಮತ್ತೆ ಪ್ರಯತ್ನಿಸುತ್ತವೆ, ಸರ್ವರ್ ಇನ್ನೂ ಕುಸಿಯುತ್ತದೆ. ಪ್ರತಿ ಸೋಲಿಗೂ ಕಾಯುವ ಸಮಯ ದುಪ್ಪಟ್ಟು ಮಾಡಿ, ಅದಕ್ಕೆ ಒಂದಿಷ್ಟು ರ್‍ಯಾಂಡಮ್ ಸೆಕೆಂಡು ಸೇರಿಸಿ. ಆ ರ್‍ಯಾಂಡಮ್ ಭಾಗ ಬಿಡಬೇಡಿ. ಬಿಟ್ಟರೆ ಎಲ್ಲವೂ ಒಂದೇ ಹೊತ್ತಿಗೆ ಕಾದು, ಒಂದೇ ಹೊತ್ತಿಗೆ ವಾಪಸ್ ಬರುತ್ತವೆ.

ದರದ ಪಟ್ಟಿಯನ್ನು ಮುಂಚೆಯೇ ಮಷಿನ್‌ಗೆ ಇಳಿಸಿ, ಯಾವ ದಿನಾಂಕದಿಂದ ಜಾರಿ ಅನ್ನುವುದನ್ನೂ ಜತೆಗೆ ಕೊಡಿ.

ಕೋಲಾರದ_ಕೋಡರ್
ಕ್ರಮಸಂಖ್ಯೆ ಯಾಕೆ ಮೇಡಂ? ದಿನಾಂಕ, ಸಮಯ ಇದೆಯಲ್ಲ. ರೈತರ ಸಂಖ್ಯೆ ಮತ್ತು ಸಮಯ ಸೇರಿಸಿದರೆ ಗುರುತು ಆಯಿತು. ಎರಡು ಬಂದರೆ ಕೊನೆಯದ್ದನ್ನು ಇಟ್ಟುಕೊಳ್ಳೋದು.

ಸಿಯಾಟಲ್_ಕನ್ನಡತಿ
ಮಷಿನ್‌ನ ಗಡಿಯಾರ ನಂಬಬೇಡಿ. ಒಳಗಿನ ಸಣ್ಣ ಬ್ಯಾಟರಿ ಸತ್ತರೆ ಕರೆಂಟ್ ಹೋಗಿ ಬಂದಾಗ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. "ಕೊನೆಯದ್ದು ಗೆಲ್ಲುತ್ತದೆ" ಅನ್ನುವ ನಿಯಮ ಇಟ್ಟರೆ ಮುಂದೆ ಓಡುವ ಗಡಿಯಾರ ಇರುವ ಮಷಿನ್ ಯಾವಾಗಲೂ ಗೆಲ್ಲುತ್ತದೆ. ಸರಿಯಾದ ದಾಖಲೆ ಸದ್ದಿಲ್ಲದೆ ಅಳಿಸಿಹೋಗುತ್ತದೆ. ದೋಷದ ಸಂದೇಶ ಕೂಡ ಬರುವುದಿಲ್ಲ.

ತಿದ್ದುಪಡಿ ಆದಾಗ ಹಳೆಯದನ್ನು ಅಳಿಸಬೇಡಿ. ತಿದ್ದಿದ್ದನ್ನು ಹೊಸ ಸಾಲಾಗಿ ಬರೆಯಿರಿ.

ಗಣಕ_ಮೇಷ್ಟ್ರು
ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲೇ ಇದನ್ನು ಬರೆದರು. ಬೇರೆ ಬೇರೆ ಯಂತ್ರಗಳಲ್ಲಿ ಯಾವುದು ಮೊದಲು, ಯಾವುದು ನಂತರ ಅನ್ನುವುದಕ್ಕೆ ಗೋಡೆ ಗಡಿಯಾರ ಸಾಲದು, ಎಣಿಕೆ ಬೇಕು ಎಂದು. ಗೂಗಲ್‌ನವರು ತಮ್ಮ ಸ್ಪ್ಯಾನರ್ ಡೇಟಾಬೇಸ್‌ಗೆ ಡೇಟಾಸೆಂಟರ್‌ಗಳಲ್ಲಿ ಜಿಪಿಎಸ್ ಮತ್ತು ಅಣು ಗಡಿಯಾರ ಇಟ್ಟರು. ಅಷ್ಟಾದರೂ ಅವರ ಗಡಿಯಾರ "ಈಗ ಇಷ್ಟು ಗಂಟೆ" ಎಂದು ಹೇಳುವುದಿಲ್ಲ. "ಈ ಕ್ಷಣದಿಂದ ಆ ಕ್ಷಣದೊಳಗೆ ಎಲ್ಲೋ" ಎಂದು ಒಂದು ಅಂತರ ಕೊಡುತ್ತದೆ.

ಮಂಗಳೂರು_ಮಳೆ
ಗಡಿಯಾರದ ಮಾತು ಬಂತಲ್ಲ, 2012ರ ಜೂನ್ 30ರ ಲೀಪ್ ಸೆಕೆಂಡ್ (ಭೂಮಿಯ ತಿರುಗುವಿಕೆಗೆ ಗಡಿಯಾರ ಹೊಂದಿಸಲು ಸೇರಿಸುವ ಸೆಕೆಂಡು) ನೆನಪಿದೆಯಾ? ಒಂದೇ ಒಂದು ಸೆಕೆಂಡು ಜಾಸ್ತಿ ಸೇರಿಸಿದ್ದಕ್ಕೆ ಲಿನಕ್ಸ್ ಸರ್ವರ್‌ಗಳು ಸಿಪಿಯು ಪೂರ್ತಿ ತಿನ್ನಲು ಶುರು ಮಾಡಿದವು. ರೆಡ್ಡಿಟ್ ಕೂಡ ಬಿದ್ದಿತ್ತು. 2035ರೊಳಗೆ ಈ ಪದ್ಧತಿಯನ್ನೇ ನಿಲ್ಲಿಸಬೇಕು ಎಂದು 2022ರಲ್ಲಿ ತೀರ್ಮಾನ ಆಯಿತು.

ಬೈಟು_ಕಾಫಿ
ವಿಷಯ ಎಲ್ಲೋ ಹೋಗ್ತಿದೆ. ಹುಬ್ಬಳ್ಳಿಯವರಿಗೆ ಬಿಲ್ ಬಗ್ಗೆ ಯಾರಾದರೂ ಹೇಳಿ.

ಬಿಲ್_ಓದುವವ
ನಾನು ಹೇಳುತ್ತೇನೆ, ನನ್ನ ಕೆಲಸವೇ ಇದು. ಸ್ಟೋರೇಜ್ ಬೆಲೆ ನೋಡಿ "ಅಗ್ಗ" ಎಂದುಕೊಳ್ಳುತ್ತಾರೆ. ಬಿಲ್ ಏರುವುದು ಡೇಟಾ ಓಡಾಡುವಾಗ. ಅನೇಕ ಕಂಪನಿಗಳಲ್ಲಿ ಒಂದು ಝೋನ್‌ನಿಂದ ಇನ್ನೊಂದಕ್ಕೆ ಹೋದರೂ ದುಡ್ಡು. ರೀಜನ್ ದಾಟಿದರೆ ಇನ್ನೂ ಜಾಸ್ತಿ. ಎರಡೂ ಕಡೆ ಬರೆಯುವ ವ್ಯವಸ್ಥೆಯಲ್ಲಿ ಪ್ರತಿ ಬೈಟೂ ದಾಟುತ್ತದೆ, ನೆನಪಿಡಿ.

ಈಗಲೇ ನೋಡಬೇಕಾದದ್ದು ಮೂರಿದೆ. ಅರ್ಧಕ್ಕೆ ನಿಂತ ದೊಡ್ಡ ಅಪ್‌ಲೋಡ್‌ಗಳ ತುಂಡುಗಳು ಪಟ್ಟಿಯಲ್ಲಿ ಕಾಣುವುದಿಲ್ಲ, ಆದರೆ ಬಿಲ್‌ನಲ್ಲಿ ಇರುತ್ತವೆ. ವರ್ಷನಿಂಗ್ (ಬದಲಾದ ಫೈಲಿನ ಹಳೆಯ ರೂಪವನ್ನೂ ಇಡುವುದು) ಹಾಕಿದ್ದರೆ ಹಳೆಯ ಪ್ರತಿಗಳೆಲ್ಲ ಕೂತಿರುತ್ತವೆ. ಎರಡಕ್ಕೂ ಇಂತಿಷ್ಟು ದಿನದ ಮೇಲೆ ತಾನಾಗಿ ಅಳಿಸುವ ಲೈಫ್‌ಸೈಕಲ್ ನಿಯಮ ಹಾಕಿ. ಮೂರನೆಯದು ನ್ಯಾಟ್ ಗೇಟ್‌ವೇ, ಅಂದರೆ ಒಳಗಿನ ಸರ್ವರ್‌ಗಳು ಹೊರಗಿನ ನೆಟ್‌ಗೆ ಹೋಗುವ ಬಾಗಿಲು. ನಿಮ್ಮ ಸರ್ವರ್ ಆಬ್ಜೆಕ್ಟ್ ಸ್ಟೋರೇಜ್‌ಗೆ ನ್ಯಾಟ್ ಮೂಲಕ ಹೋಗುತ್ತಿದ್ದರೆ ಸುಮ್ನೆ ಜಿಬಿ ಲೆಕ್ಕದಲ್ಲಿ ಕೊಡುತ್ತಿದ್ದೀರಿ. ಅಮೆಜಾನ್‌ನಲ್ಲಾದರೆ ಅವರ ಆಬ್ಜೆಕ್ಟ್ ಸ್ಟೋರೇಜ್ ಆದ ಎಸ್3ಗೆ ಗೇಟ್‌ವೇ ಎಂಡ್‌ಪಾಯಿಂಟ್ ಅನ್ನುವ ನೇರ ದಾರಿ ಇದೆ, ಅದಕ್ಕೆ ಶುಲ್ಕ ಇಲ್ಲ.

ಮಂಗಳೂರು_ಮಳೆ
ಆಬ್ಜೆಕ್ಟ್ ಸ್ಟೋರೇಜ್‌ನಲ್ಲಿ ಇಟ್ಟದ್ದು ಹೋಗುವ ಸಾಧ್ಯತೆಯೇ ಇಲ್ಲ ಅಲ್ವಾ? ಎಸ್3ಗೆ ಹನ್ನೊಂದು ಒಂಬತ್ತು, 99.999999999% ಅಂತ ಬರೆದಿದ್ದಾರೆ. ಹಾಗಿದ್ದ ಮೇಲೆ ಅದಕ್ಕೆ ಬ್ಯಾಕಪ್ ಯಾಕೆ?

ರಾತ್ರಿ_ಪಾಳಿ
ಇಲ್ಲ. ಡಿಸ್ಕ್ ಕೆಟ್ಟು ಡೇಟಾ ಕಳೆದುಹೋಗದಂತೆ ವಿನ್ಯಾಸ ಮಾಡಿದ್ದೇವೆ ಅನ್ನುವುದಷ್ಟೇ ಆ ಅಂಕಿಯ ಅರ್ಥ. ಬೇಕಾದಾಗ ಸಿಗುತ್ತದೆ ಅನ್ನುವುದು ಬೇರೆ ಅಂಕಿ. 2017ರ ಫೆಬ್ರವರಿ 28ರಂದು ಉತ್ತರ ವರ್ಜೀನಿಯಾದಲ್ಲಿ ಎಸ್3 ಸುಮಾರು ನಾಲ್ಕು ಗಂಟೆ ಸಿಗಲಿಲ್ಲ. ಒಂದು ಕಮಾಂಡ್ ತಪ್ಪಾಗಿ ಟೈಪ್ ಆಗಿ, ಬೇಕಾದ್ದಕ್ಕಿಂತ ಜಾಸ್ತಿ ಸರ್ವರ್‌ಗಳು ಇಳಿದವು. ಡೇಟಾ ಎಲ್ಲ ಭದ್ರವಾಗಿತ್ತು, ಆದರೆ ಯಾರಿಗೂ ಸಿಗಲಿಲ್ಲ. ತೊಂದರೆ ತಿಳಿಸುವ ಅವರ ಡ್ಯಾಶ್‌ಬೋರ್ಡ್ ಕೂಡ ಎಸ್3 ಮೇಲೇ ನಿಂತಿತ್ತು, ಅದನ್ನೂ ಬದಲಿಸಲು ಆಗಲಿಲ್ಲ. ನಿಮ್ಮ ಎಚ್ಚರಿಕೆ ವ್ಯವಸ್ಥೆ ಎಲ್ಲಿ ಓಡುತ್ತಿದೆ ಎಂದು ಇವತ್ತೇ ನೋಡಿ.

ಮುಖ್ಯವಾಗಿ, ನೀವೇ ಅಳಿಸಿದರೆ ಹನ್ನೊಂದು ಒಂಬತ್ತು ಏನೂ ಮಾಡುವುದಿಲ್ಲ. ತಪ್ಪಾಗಿ ಅಳಿಸಿದ್ದು ರೆಪ್ಲಿಕಾದಲ್ಲೂ ಕೆಲವೇ ಸೆಕೆಂಡಿನಲ್ಲಿ ಅಳಿಸಿಹೋಗುತ್ತದೆ. ತಪ್ಪು ಬರೆದ ಖಾತೆ ಪುಸ್ತಕವನ್ನು ಜೆರಾಕ್ಸ್ ಮಾಡಿದ ಹಾಗೆ, ತಪ್ಪೂ ಅಷ್ಟೇ ಅಚ್ಚುಕಟ್ಟಾಗಿ ಬರುತ್ತದೆ.

2024ರ ಮೇನಲ್ಲಿ ಆಸ್ಟ್ರೇಲಿಯಾದ ಯುನಿಸೂಪರ್ ಅನ್ನುವ ಪಿಂಚಣಿ ನಿಧಿಗೆ ಇದೇ ಆಯಿತು. ಗೂಗಲ್ ಕ್ಲೌಡ್‌ನಲ್ಲಿ ಎರಡು ಕಡೆ ಪ್ರತಿ ಇತ್ತು. ಸಿದ್ಧಪಡಿಸುವಾಗ ಒಂದು ಜಾಗ ಖಾಲಿ ಬಿಟ್ಟಿದ್ದರಿಂದ ಅವರ ಪ್ರೈವೇಟ್ ಕ್ಲೌಡ್ ಅವಧಿ ಮುಗಿದು ಅಳಿಸಿಹೋಯಿತು, ಎರಡೂ ಕಡೆ. ಆರು ಲಕ್ಷಕ್ಕೂ ಜಾಸ್ತಿ ಸದಸ್ಯರಿದ್ದರು. ಬೇರೆ ಕಂಪನಿಯಲ್ಲೂ ಬ್ಯಾಕಪ್ ಇಟ್ಟಿದ್ದರು, ಎದ್ದು ನಿಲ್ಲಲು ಅದು ಬಹಳ ನೆರವಾಯಿತು.

ತುಂಗಾತೀರ
ಇದು ನನಗೆ ಗೊತ್ತಿರಲಿಲ್ಲ. ಹಾಗಾದರೆ ಎರಡನೇ ರೀಜನ್‌ಗಿಂತ ಎರಡನೇ ಅಕೌಂಟ್ ಮುಖ್ಯ ಅಂದ ಹಾಗಾಯಿತು.

ರಾತ್ರಿ_ಪಾಳಿ
ಹೌದು. ಜತೆಗೆ ಆ ಬ್ಯಾಕಪ್‌ನಿಂದ ಡೇಟಾಬೇಸ್ ಎದ್ದು ನಿಲ್ಲುತ್ತದೆ ಎಂದು ಮಾಡಿ ನೋಡಿರಬೇಕು. 2017ರ ಜನವರಿ 31ರಂದು ಗಿಟ್‌ಹಬ್ ಥರದ್ದೇ ತಾಣವಾದ ಗಿಟ್‌ಲ್ಯಾಬ್‌ನಲ್ಲಿ ಎರಡನೇ ಸರ್ವರ್‌ನಲ್ಲಿ ಅಳಿಸಬೇಕಿದ್ದ ಫೋಲ್ಡರ್ ಮುಖ್ಯ ಸರ್ವರ್‌ನಲ್ಲಿ ಅಳಿಸಿಹೋಯಿತು. ಸುಮಾರು 300 ಜಿಬಿಯ ಡೇಟಾಬೇಸ್. ಬ್ಯಾಕಪ್ ಹುಡುಕಿದರೆ ಬಕೆಟ್ (ಆಬ್ಜೆಕ್ಟ್ ಸ್ಟೋರೇಜ್‌ನ ಫೋಲ್ಡರ್ ಥರದ್ದು) ಖಾಲಿ. ಡಂಪ್ (ಡೇಟಾಬೇಸಿನ ಪೂರ್ತಿ ಪ್ರತಿ) ತೆಗೆಯುವ ಪ್ರೋಗ್ರಾಂ ಪೋಸ್ಟ್‌ಗ್ರೆಸ್ 9.2ರದ್ದು, ಡೇಟಾಬೇಸ್ 9.6. ಹಾಗಾಗಿ ಡಂಪ್ ಪ್ರತಿ ಸಲ ಸೋಲುತ್ತಿತ್ತು. ಸೋತಿತು ಎಂದು ಹೇಳುವ ಮೇಲ್‌ಗಳನ್ನು ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು. ಬೇರೆ ಕೆಲಸಕ್ಕೆ ಯಾರೋ ಸುಮಾರು ಆರು ಗಂಟೆ ಮೊದಲು ತೆಗೆದಿದ್ದ ಸ್ನ್ಯಾಪ್‌ಶಾಟ್ (ಆ ಕ್ಷಣದ ಡಿಸ್ಕಿನ ಪ್ರತಿ) ಸಿಕ್ಕಿತು, ಬಚಾವಾದರು. ದುರಸ್ತಿಯನ್ನು ಯೂಟ್ಯೂಬ್‌ನಲ್ಲಿ ನೇರವಾಗಿ ತೋರಿಸಿದರು, ಎಲ್ಲವನ್ನೂ ಬಿಚ್ಚಿ ಬರೆದರು. ಆ ಪ್ರಾಮಾಣಿಕತೆಗೆ ನಾನು ಇವತ್ತಿಗೂ ತಲೆಬಾಗುತ್ತೇನೆ.

ಕೋಲಾರದ_ಕೋಡರ್
ಇಷ್ಟೆಲ್ಲ ರಗಳೆ ಯಾಕೆ? ಹುಬ್ಬಳ್ಳಿಯಲ್ಲೇ ನಾಲ್ಕು ಸರ್ವರ್ ಇಟ್ಟು ಸೆಫ್ ಹಾಕಿ, ಹಲವು ಸರ್ವರ್‌ಗಳ ಡಿಸ್ಕ್ ಸೇರಿಸಿ ಒಂದೇ ಸ್ಟೋರೇಜ್ ಮಾಡುವ ಉಚಿತ ಸಾಫ್ಟ್‌ವೇರ್ ಅದು. ನಮ್ಮದೇ ಡೇಟಾ, ನಮ್ಮದೇ ಡಿಸ್ಕ್.

ಬಿಲ್_ಓದುವವ
ಡಿಸ್ಕ್ ಬದಲಿಸೋರು ಯಾರು? ಜನರೇಟರ್, ಎಸಿ, ಎರಡು ಕಂಪನಿಯ ನೆಟ್ ಲೈನ್? ಕ್ಲಸ್ಟರ್ ತುಂಬುತ್ತಾ ಬಂದಾಗ ಒಂದು ಸರ್ವರ್ ಸತ್ತರೆ ಅದರ ಡೇಟಾ ಉಳಿದ ಮೂರಕ್ಕೆ ಹಿಡಿಯಬೇಕು. ಆ ಜಾಗ ಖಾಲಿ ಬಿಟ್ಟಿರುತ್ತೀರಾ?

ಗಣಕ_ಮೇಷ್ಟ್ರು
ಸೆಫ್ ಎಂದಿರಿ, ಒಂದು ಸಂತೋಷದ ವಿಷಯ ಹೇಳಿಬಿಡುತ್ತೇನೆ. ಮೂರು ಪ್ರತಿ ಇಟ್ಟರೆ ಮೂರು ಪಟ್ಟು ಜಾಗ ಬೇಕು. ಅದರ ಬದಲು ಡೇಟಾವನ್ನು 10 ತುಂಡು ಮಾಡಿ, ಲೆಕ್ಕ ಹಾಕಿದ 4 ಹೆಚ್ಚುವರಿ ತುಂಡು ಸೇರಿಸಿದರೆ 1.4 ಪಟ್ಟು ಸಾಕು, ಯಾವ 4 ಹೋದರೂ ಡೇಟಾ ಉಳಿಯುತ್ತದೆ. ತೊಂದರೆ ಇರುವುದು ದುರಸ್ತಿಯಲ್ಲಿ. ಒಂದು ತುಂಡು ಹೋದರೆ ಅದನ್ನು ಕಟ್ಟಲು ಬೇರೆ 10 ತುಂಡು ಪೂರ್ತಿ ಓದಬೇಕು. ನೆಟ್‌ವರ್ಕ್ ತುಂಬಿಹೋಗುತ್ತದೆ.

ಈ ದುರಸ್ತಿಯ ಹೊರೆ ಇಳಿಸುವ ಕ್ಲೇ ಕೋಡ್‌ಗಳ ಕೆಲಸ ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ ಪ್ರೊ. ಪಿ. ವಿಜಯ್ ಕುಮಾರ್ ಅವರ ತಂಡ ಮಾಡಿದ್ದು. ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಮತ್ತು ನೆಟ್‌ಆ್ಯಪ್‌ನವರೂ ಜತೆಗಿದ್ದರು. 2018ರಲ್ಲಿ ಪ್ರಬಂಧ ಬಂತು, 2019ರ ನಾಟಿಲಸ್ ಆವೃತ್ತಿಯಿಂದ ಸೆಫ್‌ನಲ್ಲೇ ಸೇರಿದೆ. ಬೆಂಗಳೂರಲ್ಲಿ ಹುಟ್ಟಿದ ಗಣಿತ ಜಗತ್ತಿನ ಯಾರು ಬೇಕಾದರೂ ಬಳಸಬಹುದಾದ ಸ್ಟೋರೇಜ್ ಒಳಗೆ ಇದೆ. ನಮ್ಮ ವಿದ್ಯಾರ್ಥಿಗಳಿಗೆ ಇದು ಗೊತ್ತಿಲ್ಲ ಎನ್ನುವುದು ನನಗೆ ಬೇಸರ.

ಮಂಗಳೂರು_ಮಳೆ
ಇದನ್ನೇ ಬೇರೆ ಚರ್ಚೆಯಾಗಿ ಬರೆಯಿರಿ ಮೇಷ್ಟ್ರೇ, ದಯವಿಟ್ಟು.

ತುಂಗಾತೀರ
ನನ್ನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಮುಂಬೈ ಹೋದರೆ ಎಷ್ಟು ಗಂಟೆ?

ಸಿಯಾಟಲ್_ಕನ್ನಡತಿ
ಉತ್ತರ ಹೀಗೆ. ಇನ್ನೊಂದು ರೀಜನ್‌ನಲ್ಲಿ ಓದಲು ಮಾತ್ರ ಇರುವ ರೆಪ್ಲಿಕಾ ಇಡಿ. ಸ್ವಲ್ಪ ಹಿಂದೆ ಇರುತ್ತದೆ, ಇರಲಿ. ಅದನ್ನು ಮುಖ್ಯ ಮಾಡುವ ತೀರ್ಮಾನ ಮನುಷ್ಯರೇ ತೆಗೆದುಕೊಳ್ಳಲಿ. ಹಿಂದೆ ಉಳಿದ ಸೆಕೆಂಡುಗಳ ದಾಖಲೆ ಹಳ್ಳಿಯ ಮಷಿನ್‌ಗಳಲ್ಲೇ ಇರುತ್ತದೆ. ಕೆಲವು ದಿನದ್ದು ಅಲ್ಲೇ ಉಳಿಸಿ, ಮತ್ತೆ ಕಳಿಸಲು ಹೇಳಿದರೆ ಆಯಿತು. ಯೂನಿಕ್ ಗುರುತು ಇರುವುದರಿಂದ ಎರಡು ಸಲ ಆಗುವುದಿಲ್ಲ. ಗಿಟ್‌ಹಬ್‌ಗೆ ಇಲ್ಲದಿದ್ದ ಅನುಕೂಲ ನಿಮಗಿದೆ, ಬಿಡಬೇಡಿ.

ಬಹಳ ಜನ ಡೇಟಾಬೇಸ್ ಮಾತ್ರ ನೋಡುತ್ತಾರೆ. ಕಂಟೇನರ್ ಇಮೇಜ್ (ಓಡಿಸಲು ಸಿದ್ಧವಾಗಿ ಕಟ್ಟಿಟ್ಟ ಪ್ರೋಗ್ರಾಂ), ಪಾಸ್‌ವರ್ಡ್‌ಗಳು, ಸರ್ಟಿಫಿಕೇಟ್ ಇವೆಲ್ಲ ಆ ಕಡೆಯೂ ಇರಬೇಕು. ಮತ್ತೆ ಎರಡು ಸಣ್ಣ ಸರ್ವರ್ ಅಲ್ಲಿ ಸದಾ ಓಡುತ್ತಿರಲಿ. 2025ರ ಅಕ್ಟೋಬರ್ 20ರಂದು ವರ್ಜೀನಿಯಾದಲ್ಲಿ ಅಮೆಜಾನ್‌ನ ಡೇಟಾಬೇಸ್ ಸೇವೆ ಡೈನಮೋಡಿಬಿಯ ಡಿಎನ್‌ಎಸ್ ದಾಖಲೆ (ಹೆಸರಿನಿಂದ ವಿಳಾಸ ಹುಡುಕಿಕೊಡುವಂಥದ್ದು) ಖಾಲಿಯಾಯಿತು. ಅದು ಸರಿಹೋದ ಮೇಲೂ ಗಂಟೆಗಟ್ಟಲೆ ಕಾಲ ಆ ರೀಜನ್‌ನಲ್ಲಿ ಹೊಸ ಸರ್ವರ್ ಹುಟ್ಟಿಸಲು ಸಾಧ್ಯವಾಗುತ್ತಿರಲಿಲ್ಲ. ತೊಂದರೆ ಬಂದ ದಿನ ಬೇಕಾದಷ್ಟು ಸರ್ವರ್ ಸಿಗುತ್ತದೆ ಎಂದು ನಂಬಿ ಕೂರಬೇಡಿ.

ಬಿಲ್_ಓದುವವ
ಅಗ್ಗ ಅಂತ ಸಿಂಗಪುರದಲ್ಲಿ ಇಡಲು ಹೋಗಬೇಡಿ. ಪಾವತಿ ವ್ಯವಸ್ಥೆಗಳ ಡೇಟಾ ಭಾರತದಲ್ಲೇ ಇರಬೇಕು ಎಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಸುತ್ತೋಲೆ ಹೊರಡಿಸಿದೆ. ಬಟವಾಡೆ ಬ್ಯಾಂಕ್ ಮೂಲಕ ಆಗುತ್ತಿದ್ದರೆ ಬ್ಯಾಂಕ್‌ನವರು ಮೊದಲು ಕೇಳುವುದೇ ಇದನ್ನು.

ಹಾಲಿನ_ಲೆಕ್ಕ
ಎಲ್ಲರಿಗೂ ತುಂಬಾ ಧನ್ಯವಾದ. ಪಾಲುದಾರರಿಗೆ ಇದನ್ನೆಲ್ಲ ಓದಿಸಿದೆ. ಮಷಿನ್‌ನಲ್ಲಿ ಗುರುತು ಮತ್ತು ದರದ ಪಟ್ಟಿ ಮೊದಲು. ಆಮೇಲೆ ಬೇರೆ ಅಕೌಂಟ್‌ನಲ್ಲಿ ಬ್ಯಾಕಪ್, ಅದರಿಂದ ರಿಸ್ಟೋರ್ ಮಾಡಿ ಒಂದು ತಿಂಗಳ ಬಟವಾಡೆ ಲೆಕ್ಕ ತಾಳೆ ನೋಡುವುದು. ಓದುವ ರೆಪ್ಲಿಕಾ ಅದರ ನಂತರ. ಎರಡೂ ಕಡೆ ಬರೆಯುವುದನ್ನು ಕೈಬಿಟ್ಟೆವು.

ಒಂದು ಸಂಶಯ. ಬ್ಯಾಕಪ್ ಅಕೌಂಟ್‌ನಲ್ಲಿ ಯಾರೂ ಅಳಿಸಲಾಗದ ಹಾಗೆ ಆಬ್ಜೆಕ್ಟ್ ಲಾಕ್ ಹಾಕಬಹುದಾ?

ತುಂಗಾತೀರ
ರೆಪ್ಲಿಕಾ ಕೊನೆಗೆ ಇಟ್ಟದ್ದು ನನಗೆ ಈಗಲೂ ಒಪ್ಪಿಗೆ ಇಲ್ಲ. ಮುಂಗಾರಿಗೆ ಮುಂಚೆ ಅದನ್ನೂ ಮುಗಿಸಿ.

ರಾತ್ರಿ_ಪಾಳಿ
ಲಾಕ್ ಹಾಕಿ, ಆದರೆ ಹುಷಾರು. ಎಸ್3 ಥರದ ಕಡೆ ಕಂಪ್ಲಯನ್ಸ್ ಮೋಡ್‌ನಲ್ಲಿ ಹಾಕಿದರೆ ಅವಧಿ ಮುಗಿಯುವ ತನಕ ಅಕೌಂಟ್‌ನ ಪೂರ್ತಿ ಅಧಿಕಾರ ಇರುವ ರೂಟ್ ಬಳಕೆದಾರರೂ ಅಳಿಸಲು ಆಗದು. ತಪ್ಪಾಗಿ ಹತ್ತು ವರ್ಷ ಎಂದು ಹಾಕಿದರೆ, ಆ ಅಕೌಂಟ್ ಇರುವ ತನಕ ಬಿಲ್ ಬರುತ್ತಲೇ ಇರುತ್ತದೆ. ಮೊದಲು ಒಂದು ಪರೀಕ್ಷೆ ಬಕೆಟ್‌ನಲ್ಲಿ, ಒಂದೇ ದಿನದ ಅವಧಿ ಇಟ್ಟು ನೋಡಿ. ಬ್ಯಾಕಪ್ ಬರೆಯುವ ಪ್ರೋಗ್ರಾಂಗೆ ಬರೆಯುವ ಅನುಮತಿ ಮಾತ್ರ ಕೊಡಿ. ರಿಸ್ಟೋರ್ ಪರೀಕ್ಷೆಯನ್ನು ಬ್ಯಾಕಪ್ ಸ್ಕ್ರಿಪ್ಟ್ ಬರೆದವರ ಬದಲು ತಂಡದ ಬೇರೆಯವರ ಕೈಲಿ ಮಾಡಿಸಿ, ಎಲ್ಲಿ ಸಿಕ್ಕಿಹಾಕಿಕೊಂಡರು ಅನ್ನುವುದನ್ನು ಇಲ್ಲಿ ಬರೆಯಿರಿ.